ರೇವಣ ಕೂಗಿದ ಅಂಕಿಗಳು

"ರಾಜೇಶ್ರೀ, ನಿನ್ನ ಕೈಲಿ ಆಗಂಗಿಲ್ಲ ಬಿಡವಾ" ಅಂದವರು ಕಲ್ಯಾಣಪ್ಪ. ಕಮಲಾಪುರದ ಗುಡ್ಡದ ಹೊಳೆಯಲ್ಲಿ ನೀರು ಅಳೆಯುವ ಕೆಲಸ ನನಗಿಂತ ಮೊದಲು ಅವರದಿತ್ತು. ಶಾಲೆ ಕಾಣದಾಕಿ ಅಳತೆ ಪಟ್ಟಿ ಏನು ಓದ್ಯಾಳು ಎಂದು ಚಹಾದ ಅಂಗಡಿಯಲ್ಲಿ ಎಲ್ಲರ ಮುಂದೆ ನಕ್ಕರು. ಬಸ್ಸಿನ ಬೋರ್ಡು, ಭಜಿ ಕಟ್ಟಿಕೊಟ್ಟ ಪೇಪರು ನೋಡಿ ನಾನು ಓದು ಕಲಿತದ್ದು ಅವರಿಗೆ ಗೊತ್ತಿರಲಿಲ್ಲ.

ಇದು ನನ್ನ ಚಿಕ್ಕಮ್ಮನ ಮಗ ರೇವಣನಿಗೆ ಆದದ್ದು.

ಮಳೆಗಾಲದಲ್ಲಿ ಗಂಟೆಗೊಮ್ಮೆ ನೀರು ನೋಡಬೇಕು, ರಾತ್ರಿಯೂ. ಒಬ್ಬರು ಮೆಟ್ಟಿಲಿಳಿದು, ನೀರಲ್ಲಿ ನಿಲ್ಲಿಸಿದ ಪಟ್ಟಿ ನೋಡಿ, ದಾರ ಕಟ್ಟಿದ ಥರ್ಮಾಮೀಟರ್ ಮುಳುಗಿಸಿ, ಎತ್ತರ ಮತ್ತು ಕಾವು ಎರಡನ್ನೂ ಕೂಗುತ್ತಾರೆ. ಮೇಲೆ ಶೆಡ್ಡಿನಲ್ಲಿ ಕೂತವರು ತಿರುಗಿ ಹೇಳುತ್ತಾರೆ. ಕೆಳಗಿನಿಂದ "ಹೂಂ" ಬಂದರೆ ಮಾತ್ರ ಬರೆಯುವುದು. ಕೂಗುವವನು ರೇವಣ, ಬರೆಯುವವಳು ನಾನು.

ಮೂರು ವರ್ಷದ ಹಿಂದಿನ ಸೆಪ್ಟೆಂಬರ್. ಊಟ ಮುಗಿಸಿ, ಆಲದ ಮರ ದಾಟಿ ಶೆಡ್ಡಿಗೆ ನಡೆದೆವು. ಬಿಳಲುಗಳಿಂದ ನೀರು ತೊಟ್... ತೊಟ್... ಎಂದು ಬೀಳುತ್ತಿತ್ತು. ರೇವಣ ಪಿಸುಗುಟ್ಟಿದ, "ಅಕ್ಕಾ, ಇವತ್ತ ಹೊಳಿ ಸಪ್ಪಳ ಬ್ಯಾರೆ ಐತಿ." ಮದುವೆ ಗೊತ್ತಾದ ಮೇಲೆ ಗಂಡಸರು ಹಿಂಗೇ ಅಂಜುತ್ತಾರೆ ಎಂದು ಕೆಣಕಿದೆ.

ರಾತ್ರಿ ಒಂದು ಗಂಟೆಗೆ ಇಳಿದು ಬಂದ. ನೀರು ಎರಡು ಮೀಟರ್ ಹತ್ತು, ಕಾವು ಇಪ್ಪತ್ನಾಲ್ಕು.

ಎರಡಕ್ಕೆ ಮತ್ತೆ ಇಳಿದ. ಮಳೆ ತಗಡಿನ ಮೇಲೆ ದಬದಬ ಹೊಡೆಯುತ್ತಿತ್ತು. ಅದರ ನಡುವೆ, ತುಂಬಿದ ಕೊಡ ಬಾವಿಗೆ ಬಿದ್ದಂತೆ... ಗುಳುಂ. ಆಮೇಲೆ ಅವನ ದನಿ.

"ಎರಡು ಎಂಬತ್ತು... ಮೂವತ್ತೇಳು."

ಹೊಳ್ಯಾಗ ಚಾ ಕಾಸಾಕತ್ತೀಯೇನೋ ಎಂದು ನಕ್ಕೆ. ತಿರುಗಿ ಹೇಳಿದೆ. "ಹೂಂ" ಬಂತು. ಬರೆದೆ.

ಅವನು ಮೇಲೆ ಬರಲಿಲ್ಲ. ಕದ್ದು ಬೀಡಿ ಸೇದುತ್ತಿರಬೇಕು ಅಂದುಕೊಂಡೆ. ಅಷ್ಟರಲ್ಲಿ ಕಲಬುರಗಿ ಕಚೇರಿಯ ಸುಜಯೀಂದ್ರ ಸಾಹೇಬರ ಫೋನು. ಅಂಕಿ ಕೇಳಿ, ಅಲ್ಲಿ ಎಲ್ಲ ಸರಿ ಇದೆಯೇ ಎಂದರು. ತಮ್ಮ ಮೇಲೆ ಬಂದಿಲ್ಲ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ, ಹೆಂಗಸಿನ ಕೈಲಿ ಆಗಲಿಲ್ಲ ಅನ್ನುತ್ತಾರೆ...

"ಎಲ್ಲಾ ಬರಾಬರ್ ಐತ್ರಿ" ಅಂದೆ.

ಮಳೆ ಇಳಿದರೆ ಬರುತ್ತಾನೆ ಎಂದು ಕಾದೆ. ಮೂರಕ್ಕೆ ನಾನು ಕೇಳುವ ಮೊದಲೇ ದನಿ ಬಂತು. "ಮೂರು ಅರವತ್ತು... ಮೂವತ್ತೆರಡು."

ಬ್ಯಾಟರಿ ಹಿಡಿದು ಓಡಿದೆ. ಮೆಟ್ಟಿಲು ಒಂದೂ ಕಾಣಲಿಲ್ಲ. ಪಟ್ಟಿಯ ತುದಿ ಮಾತ್ರ ನೀರಿನ ಮೇಲಿತ್ತು. ಮನುಷ್ಯ ನಿಲ್ಲುವ ಜಾಗವೇ ಇಲ್ಲ. ಕೆಂಪು ನೀರು ಗರಗರ ಸುತ್ತುತ್ತಿತ್ತು. ರೇವಣಾ ಎಂದು ಕೂಗಿದೆ. ಪಟ್ಟಿಯ ಬಳಿಯಿಂದಲೇ... ಮೆತ್ತಗೆ...

"ಬರಿ, ಅಕ್ಕಾ."

ಸಾಹೇಬರಿಗೆ ಫೋನು ಮಾಡಿ, ತಮ್ಮ ಕಾಣುತ್ತಿಲ್ಲ ಎಂದು ಅತ್ತುಬಿಟ್ಟೆ. ರಸ್ತೆ ಮುಳುಗಿದೆ, ಜೀಪು ದಾಟುವುದಿಲ್ಲ ಎಂದರು. ಕೆಳಗಿನ ತಾಂಡಾದವರನ್ನು ಎಬ್ಬಿಸುತ್ತಿದ್ದೇವೆ, ನೀವು ಅಂಕಿ ಮಾತ್ರ ನಿಲ್ಲಿಸಬೇಡಿ ಎಂದರು. ನನಗೆ ಈಜು ಬಾರದು. ಏನು ಮಾಡಲಿ... ಕೂತು, ದನಿ ಕೂಗಿದ್ದನ್ನು ಬರೆದೆ. ನಾಲ್ಕಕ್ಕೆ ಕಾವು ಇಪ್ಪತ್ತೆಂಟು. ಐದಕ್ಕೆ ಇಪ್ಪತ್ನಾಲ್ಕು. ಆಮೇಲೆ ದನಿ ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ, ಹೊಳೆಯ ಕೆಳಗೆ ಎರಡು ಮೈಲಿ ದೂರದಲ್ಲಿ, ಜಾಲಿಯ ಮುಳ್ಳಿನಲ್ಲಿ ರೇವಣನ ಹೆಣ ಸಿಕ್ಕಿತು.

ಹೊಳೆಯಲ್ಲಿ ಪರೀಕ್ಷೆಗೆಂದು, ಎತ್ತರ ಮತ್ತು ಕಾವು ತಾನೇ ದಾಖಲಿಸುವ ಒಂದು ಯಂತ್ರ ಕೂರಿಸಿದ್ದರು. ಅದರ ಅಂಕಿಗಳ ಜೊತೆ ನನ್ನ ಪುಸ್ತಕ ಹೋಲಿಸಿದರು. ಎತ್ತರ ಒಂದು ಸೆಂಟಿಮೀಟರೂ ತಪ್ಪಿರಲಿಲ್ಲ. ಕಾವು ಮಾತ್ರ ಯಂತ್ರದಲ್ಲಿ ರಾತ್ರಿಯಿಡೀ ಇಪ್ಪತ್ನಾಲ್ಕೇ. ಥರ್ಮಾಮೀಟರ್ ಕೆಟ್ಟಿರಬೇಕು ಎಂದರು ಸಾಹೇಬರು. ಅದು ಶೆಡ್ಡಿನಲ್ಲೇ, ನನ್ನ ಬೆನ್ನ ಹಿಂದಿನ ಮೊಳೆಯಲ್ಲಿ, ಒಣಗಿ ನೇತಾಡುತ್ತಿತ್ತು. ಎರಡಕ್ಕೆ ಇಳಿದಾಗ ರೇವಣ ಅದನ್ನು ಒಯ್ದೇ ಇರಲಿಲ್ಲ.

ಮುಂದಿನ ವರ್ಷ ಸ್ಟೇಶನ್ ಬಜಾರದಲ್ಲಿ ಕೊಂಡ ಒಂದು ಹಳೆಯ ಪುಸ್ತಕದಲ್ಲಿ ಓದಿದೆ, ಜೀವ ಇರುವ ಮನುಷ್ಯನ ಮೈಕಾವು ಮೂವತ್ತೇಳು. ಅಂದರೆ ಅವನು ಕೂಗಿದ್ದು ಹೊಳೆಯ ಕಾವಲ್ಲ, ತನ್ನ ಮೈಯದು; ನಾನು ಎಲ್ಲಾ ಬರಾಬರ್ ಐತಿ ಅಂದಾಗ ಅವನ ಮೈ ಇನ್ನೂ ಬೆಚ್ಚಗಿತ್ತು.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಡೆದದ್ದನ್ನು ಹೇಳಿದ್ದೇನೆ. ಆ ರಾತ್ರಿಯ ಅಂಕಿಗಳಿಂದ ತಾಂಡಾ ಉಳಿಯಿತು, ನನ್ನ ಕೆಲಸ ಕಾಯಂ ಆಯಿತು. ಈಗ ಕುಸನೂರಿನಲ್ಲಿ ನನ್ನ ಹೆಸರಿನ ಎರಡು ಕೋಣೆಯ ಮನೆ ಇದೆ, ಒಂದು ಗೋಡೆ ತುಂಬ ಪುಸ್ತಕಗಳಿವೆ. ಇದೆಲ್ಲಕ್ಕೂ ತೆತ್ತದ್ದು ರೇವಣನನ್ನು.