ಎರಡು ಸಾಲಿನ ಮಸಿ

ಅಯ್ಯೋ, ನಕ್ಕುಬಿಟ್ರಲ್ಲ... ನಗಬೇಡಿ ಸಾರ್, ಇದು ಪೆನ್ಷನ್ ಕಾರ್ಡಿನ ಫೋಟೋ. ಪೆನ್ಷನ್ ತಗೊಳ್ಳೋರು ಇಷ್ಟು ಖುಷಿಯಾಗಿದ್ರೆ ಕೊಡೋರ ಹೊಟ್ಟೆ ಉರಿಯುತ್ತೆ. ಗಲ್ಲ ಸ್ವಲ್ಪ ಮೇಲೆ. ಅಷ್ಟು ಬೇಡ, ಸೂರಲ್ಲಿ ಏನೂ ಇಲ್ಲ. ಹಾಂ, ಹಾಗೆ. ಬಾಯಿ ಮುಚ್ಚಿ. ದೀಪ ಸರಿಯಾಗೋವರೆಗೂ ಮಾತೆಲ್ಲ ನನ್ನದು. ಹಾಗೆ ನೋಡಿದ್ರೆ ದೀಪ ಆರಿಸಿದ ಮೇಲೂ ನನ್ನದೇ.

ಆಗ ಏನಂದ್ರಿ? ಯುದ್ಧದ ಕಾಲದಲ್ಲಿ ಸೆನ್ಸಾರ್ ಆಫೀಸಲ್ಲಿದ್ದೆ, ಸಿಪಾಯಿಗಳು ಮನೆಗೆ ಬರೆಯೋ ಕಾಗದ ಓದೋ ಕೆಲಸ ಅಂತ... ತಲೆ ಅಲ್ಲಾಡಿಸಬೇಡಿ, ಕಣ್ಣಲ್ಲೇ ಹೂಂ ಅನ್ನಿ. ಹಾಗಿದ್ರೆ ನಾವು ಹಳೇ ಪರಿಚಯದವರು ಬಿಡಿ. ನನ್ನ ಗಂಡನೂ ಸಿಪಾಯಿ. ಅವರು ನನಗೆ ಬರೆದಿದ್ದನ್ನ ನನಗಿಂತ ಮೊದಲು ಓದಿದ್ದು ನೀವೋ, ನಿಮ್ಮ ಪಕ್ಕದ ಮೇಜಿನವರೋ. ನಾಚಿಕೊಳ್ಳಬೇಡಿ. ನಾಚಿಕೊಳ್ಳೋ ಅಂಥದ್ದು ಅದರಲ್ಲಿ ಏನೂ ಇರಲಿಲ್ಲ. ಅದೇ ನನ್ನ ಗೋಳು.

ಕಾಲುಚೀಲ. ನಿಜವಾಗ್ಲೂ, ಕಾಲುಚೀಲ. ಮದುವೆಯಾಗಿ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡೋ ಮೊದಲೇ ಯುದ್ಧಕ್ಕೆ ಹೋದ ಗಂಡ. ನಾನಿಲ್ಲಿ ಕಾಗದಕ್ಕೆ ಸೆಂಟು ಪೂಸಿ, 'ನೀವಿಲ್ಲದ ಸಂಜೆ ಖಾಲಿ ಚೌಕಟ್ಟಿನಂತೆ' ಅಂತೆಲ್ಲ ಬರೀತೀನಿ. ಆ ಸಾಲು ಬರೆದು ನನ್ನ ಬೆನ್ನು ನಾನೇ ಎಷ್ಟು ತಟ್ಟಿಕೊಂಡೆ ಅಂತೀರಿ! ಅದಕ್ಕೆ ಉತ್ತರ? 'ಕಾಗದ ತಲುಪಿತು. ಕಾಲುಚೀಲ ಎರಡು ಜೊತೆ ಕಳಿಸು. ಹಿಂದಿನ ಬಾಗಿಲ ಚಿಲಕಕ್ಕೆ ಎಣ್ಣೆ ಬಿಡು. ಇಲ್ಲಿ ಚಳಿ.' ಇಲ್ಲಿ ಅಂದ್ರೆ ಎಲ್ಲಿ ಅಂತ ಬರೆಯೋ ಹಾಗಿಲ್ಲ, ಚಳಿ ಮಾತ್ರ ಬರೀಬಹುದು. ಆ ಕಾಗದ ಶತ್ರುಗಳ ಕೈಗೆ ಸಿಕ್ಕಿದ್ರೂ ನಮ್ಮನೆ ಚಿಲಕ ಕಿರುಗುಟ್ಟುತ್ತೆ ಅನ್ನೋದು ಬಿಟ್ಟು ಇನ್ನೇನೂ ಗೊತ್ತಾಗ್ತಿರಲಿಲ್ಲ. ಅದಕ್ಕೇ ನೀವೂ ಮುಟ್ಟಲಿಲ್ಲ. ಎಲ್ಲ ಕಾಗದವೂ ಬರೆದದ್ದು ಬರೆದ ಹಾಗೇ ಬಂತು. ಕೊನೇದೊಂದು ಬಿಟ್ಟು.

ಆಯ್ತು, ತೆಗೆದೆ. ಏಳಬೇಡಿ, ಕಣ್ಣು ಮಿಟುಕಿಸಿದ್ರಿ, ಇನ್ನೊಂದು.

ಆ ಕೊನೇ ಕಾಗದದಲ್ಲಿ ಎರಡು ಸಾಲಿಗೆ ಮಸಿ ಬಳಿದಿದೆ. ಅದಾದ ಮೇಲೆ ಕಾಗದ ಬರಲಿಲ್ಲ, ತಂತಿ ಬಂತು... ಬೇಡ, ಮುಖ ಹಾಗೆ ಮಾಡಬೇಡಿ, ಫೋಟೋ ಕೆಡುತ್ತೆ. ಹಳೇ ಮಾತು.

ಈಗ ವಿಷಯಕ್ಕೆ ಬರ್ತೀನಿ. ಆ ಪರದೆ ಇದೆಯಲ್ಲ, ಅದರ ಹಿಂದೆ ನಮ್ಮ ಅತ್ತೆ ಇದ್ದಾರೆ. ಅವರಿಗೆ ಈಗ ಕಿವಿ ಮಂದ, ಓದೋಕೂ ಬರಲ್ಲ, ಆದ್ರೆ ಮಸಿ ಕಾಣುತ್ತೆ. ಅವತ್ತಿಂದ ನಿಮ್ಮನ್ನ ಬೈಯದ ದಿನ ಇಲ್ಲ. 'ನನ್ನ ಮಗನ ಮಾತು ನುಂಗಿದವನ ಕೈ ಬಿದ್ದುಹೋಗ' ಅಂತ. ತಿಂಡಿ ಆದ ಮೇಲೆ ಒಂದು ಸಲ, ಊಟ ಆದ ಮೇಲೆ ಒಂದು ಸಲ, ಡಾಕ್ಟರು ಮಾತ್ರೆ ಬರೆದುಕೊಟ್ಟ ಹಾಗೆ. ಯಾಕೆ ನಗ್ತೀರಿ? ಸರಿ ನಗಿ, ಎರಡನೇದೂ ತೆಗೆದಾಯ್ತು. ಆ ಸಾಲಲ್ಲಿ ಮಗ ತನ್ನ ಬಗ್ಗೆನೇ ಬರೆದಿದ್ದ ಅಂತ ಅವರಿಗೆ ಖಾತ್ರಿ.

ಅದಕ್ಕೇ ನಿಮ್ಮಿಂದ ಒಂದು ಉಪಕಾರ ಆಗಬೇಕು. ಒಳಗೆ ಬಂದು ಒಂದು ಮಾತು ಹೇಳಿ. 'ಆ ಕಾಗದ ನನ್ನ ಕೈಯಲ್ಲೇ ಹೋಗಿದ್ದು ತಾಯಿ, ನೆನಪಿದೆ. ಗುಡ್ಡದ ಹಿಂದೆ ಸೂರ್ಯ ಮುಳುಗುವಾಗ ಅಮ್ಮನ ನೆನಪು ಬರುತ್ತೆ ಅಂತಿತ್ತು. ಗುಡ್ಡ ಅಂದಿದ್ದಕ್ಕೆ ಅಳಿಸಬೇಕಾಯ್ತು' ಅಂತ. ಗುಡ್ಡ ನಾನೇ ಸೇರಿಸಿದ್ದು. ಗುಡ್ಡ ಇಲ್ಲದೆ ಬರೀ ಅಮ್ಮನ ನೆನಪಿಗೆ ಯಾವ ಸರ್ಕಾರ ಮಸಿ ಬಳಿಯುತ್ತೆ, ಹೇಳಿ.

ಸುಳ್ಳೇ ಸಾರ್, ಸುಳ್ಳಲ್ಲ ಅಂತ ಯಾರಂದ್ರು? ನಿಮ್ಮ ಮೇಜಲ್ಲಿ ಎಷ್ಟು ಜನರ ನಿಜ ಅಳಿಸಿಹೋಗಿಲ್ಲ? ಒಂದು ಸುಳ್ಳು ಸೇರಿಸಿದ್ರೆ ಸರಿಹೋಗುತ್ತೆ.

ಇವತ್ತೇ ಯಾಕೆ ಅಂದ್ರೆ... ನಾಳೆ ನಾದಿನಿ ಮಗ ಆ ಕಾಗದ ತಗೊಂಡು ಹೋಗೋಕೆ ಬರ್ತಾನೆ. ಅವನು ಕೆಲಸ ಮಾಡೋ ಕಡೆ ಎಂಥದೋ ದೀಪ ಇದೆಯಂತೆ, ಅದರ ಕೆಳಗೆ ಹಿಡಿದ್ರೆ ಮಸಿ ಅಡಿಯ ಅಕ್ಷರ ಕಾಣುತ್ತಂತೆ. ಅತ್ತೆ ಒಪ್ಪಿಬಿಟ್ಟಿದ್ದಾರೆ, ಬೆಳಿಗ್ಗೆಯೇ ಕಾಗದ ಪೆಟ್ಟಿಗೆಯಿಂದ ತೆಗೆಸಿದ್ರು. ಆ ಸಾಲು ಏನಂತ ಇವತ್ತೇ ಗೊತ್ತಾಗಿಬಿಟ್ರೆ ದೀಪದ ಗೊಡವೆ ಇರಲ್ಲ. ಹಳೇ ಕಾಗದ, ಸುಟ್ಟುಗಿಟ್ಟು ಹೋದ್ರೆ? ಬರೀ ಆ ಕಾಗದದ ಮೇಲಿನ ಕಾಳಜಿ, ಅಷ್ಟೇ.

ಕಾಗದ ನೋಡಬೇಕಾ? ನೋಡಿ, ನೋಡಿ. ಕೆಳಗಡೆ ಇದೆ. ಕೆಲಸ ಮಾತ್ರ ನೀಟು ಅಲ್ವಾ? ಒಂದು ಅಕ್ಷರದ ಕೊಂಬು ಕೂಡ ಹೊರಗೆ ಇಣುಕಿಲ್ಲ. ನಿಮ್ಮ ಆಫೀಸಿನವರ ಕೈ ಅಂದ್ರೆ ಕೈ.

ಏನಾಯ್ತು? ಹೆಬ್ಬೆರಳಲ್ಲಿ ಯಾಕೆ ಸವರ್ತೀರಿ... ನನ್ನ ಮೇಜಲ್ಲಿ ಏನು ನೋಡ್ತಿದ್ದೀರಿ? ಅದು ಕುಂಚ ಸಾರ್. ಕೂದಲೆಳೆಯಷ್ಟು ಸಣ್ಣದು. ಮೊಡವೆ, ಕಲೆ, ಕಣ್ಣ ಕೆಳಗಿನ ಗೆರೆ ಮುಚ್ಚೋಕೆ. ಮದುವೆಗೆ ಮುಂಚಿನಿಂದಲೂ ಇದೇ ಕೆಲಸ. ಈ ಬೀದಿಯ ಅರ್ಧ ಸುಂದರಿಯರು ಹುಟ್ಟಿದ್ದು ಈ ಕುಂಚದಲ್ಲೇ.

ಬ್ಲೇಡು ಯಾಕೆ ತಗೊಂಡ್ರಿ? ಫೋಟೋ ಅಂಚು ಕತ್ತರಿಸೋದು, ಹುಷಾರು, ಹರಿತ ಇದೆ. ಅದು ರದ್ದಿ ಫೋಟೋ, ಬೇಕಿದ್ರೆ ಇಟ್ಟುಕೊಳ್ಳಿ... ಏನು ಮಾಡ್ತಿದ್ದೀರಿ?

ಓ. ಎಷ್ಟು ಸಲೀಸಾಗಿ. ಒಂದು ಸಾಲಿನಷ್ಟು, ಅದರ ಕೆಳಗೆ ಇನ್ನೊಂದು ಸಾಲಿನಷ್ಟು. ಪುಟ್ಟ ಕಿಟಕಿ ತೆರೆದ ಹಾಗೆ. ಕೈ ಇನ್ನೂ ಮರೆತಿಲ್ಲ ನಿಮ್ಮದು.

ಕತ್ತರಿಸ್ತಿದ್ರಾ... ಎಲ್ಲರೂನಾ? ಮಸಿ ಹಚ್ಚೋರು ಒಬ್ಬರೂ ಇರಲಿಲ್ವಾ? ಬೇರೆ ಯಾವುದಾದ್ರೂ ಆಫೀಸಲ್ಲಿ... ಹೊಸಬರು ಯಾರಾದ್ರೂ ಬಂದಿದ್ದು...

ಆ ಕಿಟಕಿಯಿಂದ ನನ್ನ ಮುಖ ನೋಡಬೇಡಿ ಸಾರ್. ಮಾತಾಡಿ. ಫೋಟೋ ಮುಗೀತಲ್ಲ, ಈಗ ಬಾಯಿ ಬಿಡಬಹುದು.

ಸೆನ್ಸಾರಿನವರು ಮಸಿ ಬಳೀತಾರೆ ಅಂತ ಅಂಗಡಿಯಲ್ಲಿ ಯಾರೋ ಅಂದಿದ್ದು ಕಿವಿಗೆ ಬಿದ್ದಿತ್ತು. ನಂಬಿದೆ. ನಿಮ್ಮ ಕೆಲಸ ನಾನು ಕಣ್ಣಾರೆ ಕಂಡಿದ್ರೆ ತಾನೇ? ಕಾಲುಚೀಲದಲ್ಲಿ ಕತ್ತರಿಸೋಕೆ ಏನಿರುತ್ತೆ?

ಓದುವಾಗ ಆ ಸಾಲು ಹಾರಿಸಿದ್ರೆ ಸಾಕಿತ್ತು ಅನ್ನೋ ಹಾಗೆ ನೋಡ್ತಿದ್ದೀರಿ. ಎಲ್ಲಿ ಸಾಕಾಗುತ್ತೆ! ಅತ್ತೆ ನನ್ನ ಬಾಯಲ್ಲಿ ಒಂದು ಸಲ ಕೇಳಿ, ಎದುರಿನ ದರ್ಜಿ ಹತ್ರ ಹೋಗಿ ಇನ್ನೊಂದು ಸಲ ಓದಿಸ್ಕೊಂಡು ಬರೋರು. ನನ್ನ ಮೇಲೆ ಅನುಮಾನ ಅಲ್ವಂತೆ, ಗಂಡಸಿನ ದನಿಯಲ್ಲಿ ಕೇಳಿದ್ರೆ ಮಗನೇ ಮಾತಾಡಿದ ಹಾಗಿರುತ್ತಂತೆ. ಆ ದಿನ ಅಂಚೆಯವನು ಬಂದಾಗ ಅವರು ಸ್ನಾನಕ್ಕೆ ಹೋಗಿದ್ರು. ತಲೆ ಒರೆಸಿಕೊಂಡು ಬರೋವಷ್ಟರಲ್ಲಿ ಬಳಿದು, ಊದಿ, ಒಣಗಿಸಿಬಿಟ್ಟಿದ್ದೆ.

ಏನಿತ್ತು ಅಂತ ಕೇಳಬಾರದಾ? ಕೇಳಿದ್ರೆ ನಿಮಗ್ಯಾಕೆ ಅಂತ ಬೈದು ಕಳಿಸಬಹುದಿತ್ತು. ಹೀಗೆ ಕಾಗದ ಹಿಡ್ಕೊಂಡೇ ನಿಂತ್ರೆ ನಾನೇನು ಮಾಡಲಿ...

ನಾನೇ ನನ್ನ ಗಂಡನ್ನ ಕೇಳಿದ್ದು. ನಿಮ್ಮಮ್ಮನ ಜೊತೆ ಒಂದೇ ಸೂರಿನಡಿ ನನ್ನಿಂದಾಗಲ್ಲ ಅಂತ ಪುಟಗಟ್ಟಲೆ ಬರೆದಿದ್ದೆ. ಸೆಂಟು ಪೂಸಿಯೇ. ಜನ್ಮಕ್ಕೆ ಒಂದು ಸಲ, ಆ ಮನುಷ್ಯ ನಾನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಬರೆದರು. 'ಆಗಲಿ, ಬೇರೆ ಮನೆ ಮಾಡೋಣ. ಅಮ್ಮನಿಗೆ ನಾನೇ ಬಂದು ಹೇಳ್ತೀನಿ, ನೀನು ಹೇಳಬೇಡ.'

ಹೇಳಲಿಲ್ಲ. ಗಂಡನ ಮಾತು ನಾನು ಕೇಳಿದ್ದು ಅದೊಂದೇ.

ಬೇರೆ ಮನೆಯಂತೆ... ಈ ಕ್ಯಾಮೆರಾ ಹೆಗಲಿಗೆ ಹಾಕ್ಕೊಂಡು ನಾನು ತಿರುಗದ ಊರಿಲ್ಲ. ಬಂದರು, ಗಣಿ, ಸರ್ಕಸ್ಸಿನ ಡೇರೆ. ಎಲ್ಲಿ ಬೇಕಾದ್ರೂ ಉಳೀಬಹುದಿತ್ತು, ಬೇಡ ಅನ್ನೋರು ಯಾರು? ಹೋದ ಕಡೆಯೆಲ್ಲ ಲಾಡ್ಜಿನ ಮಂಚದ ಮೇಲೆ ಕೂತು, ಅತ್ತೆ ಊಟ ಮಾಡಿದ್ರೋ ಇಲ್ವೋ ಅಂತ ಕೊರಗಿದ್ದೇ ಬಂತು. ದೊಡ್ಡ ಧೀರೆ ನಾನು. ಅವರ ಶಾಪ ದಿನಾ ಕೇಳಿಸ್ಕೊಳ್ತೀನಿ. ಈಗ ಈ ಕೈ ನಡುಗೋಕೆ ಶುರುವಾಗಿದೆ, ನೋಡಿ. ಅಂಚೆಚೀಟಿ ಇಲ್ಲದಿದ್ರೂ ಸರಿಯಾದ ವಿಳಾಸಕ್ಕೇ ಬಂದಿದೆ.

ಬಂದೆ ಅತ್ತೆ... ಯಾರೂ ಇಲ್ಲ, ಫೋಟೋ ತೆಗೆಸೋಕೆ ಬಂದವರು!

ಆ ಕಾಗದ ಕೊಡಿ ಸಾರ್. ನೀವು ಹೊರಡಿ, ಫೋಟೋ ಸಂಜೆಗೆ ಸಿಗುತ್ತೆ. ದೀಪಕ್ಕೆ ನಾಳೆ ಏನಾದ್ರೂ ನೆಪ ಹುಡುಕ್ತೀನಿ... ಆ ಕತ್ತರಿಸಿದ ರದ್ದಿ ಫೋಟೋ ಯಾಕೆ ಜೇಬಿಗೆ ಹಾಕ್ಕೊಂಡ್ರಿ? ಸಾರ್, ರಸ್ತೆ ಈ ಕಡೆ. ಆ ಕಡೆ ಪರದೆ...

ತಲೆ ಬಗ್ಗಿಸಿ, ಬಾಗಿಲು ಗಿಡ್ಡ. ಅವರು ಬೈತಾರೆ, ಚೆನ್ನಾಗೇ ಬೈತಾರೆ. ಅದೆಲ್ಲ ನನಗೆ ಸೇರಬೇಕಾದ್ದು, ಸ್ವಲ್ಪ ಹೊತ್ತು ನೀವು ಹಿಡ್ಕೊಂಡಿರಿ.

ಸಾರ್... ಗುಡ್ಡ. ಗುಡ್ಡ ಮರೀಬೇಡಿ.