ಮುಮ್ತಾಜಳ ಲಾರಿ

ಸವಣೂರಿನ ಬಸ್ ನಿಲ್ದಾಣದಲ್ಲಿ ಶಿಗ್ಗಾಂವಿ ಬಸ್ಸಿಗೆ ಕಾಯುತ್ತಿದ್ದ ಸುಮೇಧಾಳ ಕಿವಿ ಪಕ್ಕದ ಬೆಂಚಿನ ಕಡೆಗೇ ಇತ್ತು. ಅಲ್ಲಿ ಗುಲ್ನಾರ ಎಂಬಾಕೆ ನೆರೆಮನೆಯ ನೀಲಕ್ಕನ ಮುಂದೆ ಗಂಡನ ಹಳೇ ಲಾರಿಯ ಮೇಲೆ ಕೆಂಡ ಕಾರುತ್ತಿದ್ದಳು.

“ಮುಂದಿನ ಗಾಲಿ ಮ್ಯಾಲಿನ ಸ್ಪ್ರಿಂಗ್ ಪಾಟಾದ ರಬ್ಬರ್ ಬುಷ್ ಎಲ್ಲಾ ಸವದಿದ್ವು. ತಗ್ಗಿನ್ಯಾಗ ಇಳದ್ರ ಕಟಕಟ ಅಂತಿತ್ತು. ಇನ್ನ ಗುಜರಿಗೆ ಹಾಕ್ತಾರ ಅಂತ ಒಳಗೊಳಗ ಖುಷಿ ಆಗಿದ್ದೆ.”

“ಹಾಕಲಿಲ್ಲ?”

“ಎಲ್ಲೀದು. ತಾವ ಕೆಳಗ ಮಲಗಿ ಹೊಸಾ ಬುಷ್ ಹಾಕಿದ್ರು. ಆಮ್ಯಾಲ ನನ್ನ ಕರದು, ಮುಂದಿನ ಸೀಟಿನ್ಯಾಗ ಕುಂಡ್ರು ಅಂದ್ರು.”

“ಆ ಸೀಟಿಗೆ ನಿನ್ನ ಎಂದೂ ಹತ್ತಿಸಿದ್ದಿಲ್ಲಲ್ಲ.”

“ಅದಕ್ಕ ಮತ್ತ. ಹೊಸಾ ಸೀರಿ ಉಟ್ಕೊಂಡು ಹತ್ತಿದೆ. ಕೆಳಗಿಂದ ಅಂತಾರ, ಗಾಡಿ ಮ್ಯಾಲ ಭಾರ ಇದ್ದಾಗ ನಟ್ ಬಿಗಿ ಮಾಡ್ಬೇಕು, ಅಳಗಾಡಬ್ಯಾಡ.”

ನೀಲಕ್ಕ ನಗು ತಡೆದುಕೊಂಡಳು. “ಲಾರಿ ಹಣಿ ಮ್ಯಾಲಿನ ಮುಮ್ತಾಜಳ ಹೆಸರರ ಅಳಸ್ರಿ ಅನ್ನಬೇಕಿಲ್ಲ? ಅಕಿ ತೀರಿ ಹೋಗಿ ಎಷ್ಟ ವರ್ಷಾತು.”

“ಅಂದೆ. ಬುಷ್ ಸವದ್ರ ಹೊಸಾದು ಹಾಕಬಹುದು, ಮೊದಲ್ನೇ ಹೇಣ್ತಿ ಹೆಸರು ಹಂಗಲ್ಲ ಅಂದ್ರು. ಹಂಗಾರ ಅಕಿ ಜಾಗಾದಾಗ ಬಂದ ನಾ ಏನು ನೀಲಕ್ಕಾ, ಬುಷ್ ಏನು?”

ಅಷ್ಟರಲ್ಲಿ ಗುಲ್ನಾರಳ ಗಂಡ ಅದೇ ಲಾರಿ ತಂದು ನಿಲ್ಲಿಸಿದ. ಕಟಕಟ ಎನ್ನಲಿಲ್ಲ. ಅದರ ಹಣೆಯ ಮೇಲೆ ಮುಮ್ತಾಜ ಹೊಸ ಬಣ್ಣದಲ್ಲಿ ಹೊಳೆಯುತ್ತಿದ್ದಳು. ಗುಲ್ನಾರ ನೀಲಕ್ಕನನ್ನು ಹತ್ತಿಸಿ, ತಾನೂ ಹತ್ತಿ ಬಾಗಿಲು ಹಾಕಿಕೊಂಡ ರಭಸಕ್ಕೆ ಹೊಸ ಬುಷ್ಷಿನ ಲಾರಿಯೂ ಒಮ್ಮೆ ಗಡಗಡ ನಡುಗಿತು.