ಗಾಜಿನ ಬಾವಿಯ ಮೇಲೆ ನಾಲ್ಕು ಚುಕ್ಕಿ

ಸ್ವಲ್ಪ ಹತ್ತಿರ ಬನ್ನಿ. ಜೋರಾಗಿ ಹೇಳೋ ಕತೆಯಲ್ಲ ಇದು... ನಮ್ಮ ದೊಡ್ಡಮ್ಮನ ಮಗಳಿಗೇ ಆಗಿದ್ದು.

ಅವತ್ತು ಅಕ್ಕ ಕೆಲಸ ಮುಗಿಸಿ ಬರುವಾಗ ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ದಾರಿಯಲ್ಲೊಂದು ಹಾಳುಬಾವಿ, ಬಾಯಿಗೆ ಕಬ್ಬಿಣದ ಜಾಲರಿ. ಯಾವಾಗಲೂ ಕೆಳಗಿನಿಂದ ಒಂದು ಸದ್ದು ಬರುತ್ತಿತ್ತು... ಬುಳುಕ್. ಅವತ್ತು ಬರಲಿಲ್ಲ. ಅಕ್ಕ ನಿಂತು ಕಿವಿಗೊಟ್ಟಳು. ಊಹೂಂ.

ಆ ಸದ್ದನ್ನು ಅವಳೇ ಹಿಂದಿನ ತಿಂಗಳು ಜಾಲರಿಯೊಳಗೆ ಮೈಕು ಇಳಿಬಿಟ್ಟು ಹಿಡಿದುಕೊಂಡು ಹೋಗಿದ್ದಳು. ಮ್ಯೂಸಿಯಮ್ಮಿಗೆ ಬೇಕಿತ್ತು. ಅಲ್ಲಿ ಬಾವಿಯ ಬಾಯಿಯಷ್ಟು ದೊಡ್ಡ ಗಾಜಿನ ಪರದೆ. ಕೈಯಿಟ್ಟರೆ ನೀರು ಅಲುಗಬೇಕು, ಬುಳುಕ್ ಅನ್ನಬೇಕು. ಕೆಟ್ಟರೆ ಅಕ್ಕ ಮನೆಯಲ್ಲೇ ಕೂತು ತನ್ನ ಕಂಪ್ಯೂಟರಿನಿಂದ ಸರಿಮಾಡುತ್ತಿದ್ದಳು. ಅಲ್ಲಿ ಒಂದೊಂದು ಬೆರಳು ತಾಗಿದಾಗಲೂ ಇಲ್ಲಿ ಒಂದು ಚುಕ್ಕಿ ಬೀಳುತ್ತಿತ್ತು. ಆದರೆ ಅಲ್ಲಿ ಮುಟ್ಟೋರು ಯಾರಾದರೂ ಬೇಕಲ್ಲ? ರಾತ್ರಿ ಕಾವಲಿಗಿದ್ದ ಸೋದರಮಾವ ಮುಟ್ಟುತ್ತಿದ್ದ. ಅಪ್ಪನಿಲ್ಲದ ಅವಳನ್ನು ಸಾಕಿದವನು ಅವನೇ. ಆ ಕೆಲಸ ಕೊಡಿಸಿದವಳು ಅವಳು.

ಮಾರನೇ ಬೆಳಗ್ಗೆ ಉದ್ಘಾಟನೆ. ಯಾರೋ ಸದಾ ಕೈಯಿಟ್ಟುಕೊಂಡಿರುವ ಹಾಗೆ ಪರದೆ ತಾನಾಗಿಯೇ ಅಲುಗುತ್ತಿದೆ ಅಂತ ದೂರು. ಸರಿಮಾಡದಿದ್ದರೆ ಮಾವ, ಸೊಸೆ ಇಬ್ಬರೂ ಮನೆಯಲ್ಲೇ ಇರಿ ಅಂದಿದ್ದ ಯಜಮಾನ.

ಅಕ್ಕ ಮಾವನಿಗೆ ಫೋನು ಹಚ್ಚಿ ಕಂಪ್ಯೂಟರ್ ತೆರೆದಳು. ಕೆಳ ಅಂಚಿನಲ್ಲಿ ಐದು ಚುಕ್ಕಿ. ಪುಟ್ಟವು... ಒತ್ತೊತ್ತಾಗಿ, ಮಗುವಿನ ಬೆರಳುಗಳ ಹಾಗೆ.

"ಮಾವ, ಪರದೆ ಮೇಲೆ ಏನಾದ್ರೂ ಇದ್ಯಾ?"

"ಏನಿಲ್ಲ ಕಣೇ. ಒದ್ದೆ ಇದೆ ಅಷ್ಟೇ."

"ಒರೆಸು."

"ಒರೆಸಿದಷ್ಟೂ ಆಗ್ತಿದೆ..."

ಅಕ್ಕ ಆಗಲೇ, ಎದ್ದು ಹೊರಗೆ ಬಾ ಅಂದುಬಿಡಬೇಕಿತ್ತು. ಕೆಲಸದ ಚಿಂತೆ, ಅನ್ನಲಿಲ್ಲ.

"ಅಂಗೈ ಪೂರ್ತಿ ಇಡು ಮಾವ. ನಾನು ಹೇಳೋವರೆಗೂ ತೆಗೀಬೇಡ."

"ಒಂದು ಬೆರಳು ಕಮ್ಮಿ ಅಂತ ನಿಮ್ಮ ಯಜಮಾನ ಸಂಬಳ ಹಿಡಿಯಲ್ಲ ತಾನೇ?" ಅಂತ ನಕ್ಕ. ಹಿಂದೆ ಯಂತ್ರಕ್ಕೆ ಸಿಕ್ಕಿ ಅವನ ಉಂಗುರದ ಬೆರಳು ಹೋಗಿತ್ತು.

ನಾಲ್ಕು ದೊಡ್ಡ ಚುಕ್ಕಿ ಬಿದ್ದವು.

ಪುಟ್ಟವು ಅಲುಗಿದವು. ಒಂದೊಂದಾಗಿ ಮೇಲೆ ಬಂದವು... ದೊಡ್ಡವುಗಳ ಪಕ್ಕದಲ್ಲೇ ಕೂತವು. ಕೈ ಹಿಡಿದ ಹಾಗೆ.

"ತಣ್ಣಗಿದೆ ಪುಟ್ಟಿ..." ಮಾವ ಪಿಸುಗುಟ್ಟಿದ.

ಅಕ್ಕ ಹೆದರಿ ಪ್ರೋಗ್ರಾಮನ್ನು ಅಲ್ಲೇ ನಿಲ್ಲಿಸಿಬಿಟ್ಟಳು. ಅವರ ಕಸುಬಿನಲ್ಲಿ ಬೆರಳು ಗಾಜಿನ ಮೇಲಿರುವಾಗ ನಿಲ್ಲಿಸಬಾರದು. ಆಮೇಲೆ ಕೈ ತೆಗೆದರೂ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಅದರ ಪಾಲಿಗೆ ಕೈ ಅಲ್ಲೇ ಉಳಿದುಬಿಡುತ್ತದೆ. ಇಷ್ಟು ಚೆನ್ನಾಗಿ ಗೊತ್ತಿದ್ದವಳೇ ನಿಲ್ಲಿಸಿದಳು.

"ಮಾವ! ಕೈ ತೆಗಿ!"

"ಬರ್ತಿಲ್ಲ ಕಣೇ..."

"ಎಳ್ಕೋ ಮಾವ!"

"ಯಾರೋ ಹಿಡ್ಕೊಂಡಿದಾರೆ..."

ಫೋನಿನಲ್ಲಿ ಒಂದೇ ಸದ್ದು. ಬುಳುಕ್.

ಅಕ್ಕ ಬಿದ್ದಂಬೀಳ ಓಡಿದಳು. ಪರದೆ ಆರಿತ್ತು. ಅದರ ಮುಂದೆ ಮಾವ ಮಂಡಿಯೂರಿ ಕೂತಿದ್ದ, ಅಂಗೈ ಗಾಜಿಗೆ ಅಂಟಿಕೊಂಡಿತ್ತು. ಜೀವವಿರಲಿಲ್ಲ. ಹೃದಯ ನಿಂತಿದೆ ಅಂದರು ಡಾಕ್ಟರು. ಅಂಗಿಯ ತೋಳು ಮೊಣಕೈವರೆಗೂ ಯಾಕೆ ಒದ್ದೆ ಅಂತ ಯಾರೂ ಕೇಳಲಿಲ್ಲ.

ಪರದೆಯನ್ನು ಕಿತ್ತು, ತಂತಿ ಬಿಚ್ಚಿ, ಗೋದಾಮಿನಲ್ಲಿ ಗೋಡೆಗೆ ಮುಖ ಮಾಡಿ ಒರಗಿಸಿದ್ದಾರೆ. ಅಕ್ಕ ಕೆಲಸ ಬಿಟ್ಟಳು, ಆ ಕಂಪ್ಯೂಟರನ್ನು ಮಾತ್ರ ಬಿಟ್ಟಿಲ್ಲ. ಮಾರಿಬಿಡು ಅಂದರೆ, "ಮಾವ ಒಬ್ಬನೇ ಆಗ್ತಾನೆ" ಅಂತ ಅಳುತ್ತಾಳೆ.

ನಂಬಿ, ಬಿಡಿ. ನಾನು ಕಣ್ಣಾರೆ ನೋಡಿದ್ದೇನೆ. ಎಷ್ಟು ಸಲ ಆರಿಸಿ ಹಚ್ಚಿದರೂ ಅದರಲ್ಲಿ ಬೀಳುವುದು ನಾಲ್ಕೇ ಚುಕ್ಕಿ. ಪುಟ್ಟವು ಇಲ್ಲ. ಉಂಗುರದ ಬೆರಳಿನ ಜಾಗ ಖಾಲಿ.